ಸಾಂತಾಕ್ಲಾಸ್‌ಗೆ ಮುಖ ಕೊಟ್ಟ ಥಾಮಸ್ ನಾಸ್ಟ್

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಬೆಂಗಳೂರಿನ ಬ್ರಿಗೇಡ್ ರಸ್ತೆಯ ಅಂಗಡಿಗಳಲ್ಲಿ ಕೆಂಪು ಅಂಗಿಯ, ಬಿಳಿ ಗಡ್ಡದ ತಾತ ಕಾಣಿಸಿಕೊಳ್ಳುತ್ತಾನೆ. ಅದೇ ಹೊತ್ತಿಗೆ ಚರ್ಚುಗಳ ಆವರಣದಲ್ಲಿ ಗೋದಲಿ ಕಟ್ಟುವ ಸಿದ್ಧತೆ ನಡೆದಿರುತ್ತದೆ. ಗೋದಲಿ ಧಾರ್ಮಿಕ ಸಂಕೇತ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಈ ತಾತ ಯಾರ ಕಡೆಯವನು? ಕ್ರೈಸ್ತ ಧರ್ಮದ ಪ್ರತಿನಿಧಿಯೇ, ಪೇಟೆಯ ಪ್ರತಿನಿಧಿಯೇ, ಅಥವಾ ಎಲ್ಲರಿಗೂ ಸೇರಿದ ಹಬ್ಬದ ಗೊಂಬೆಯೇ? ಮಕ್ಕಳಿಗೆ ಸಾಂತಾಕ್ಲಾಸ್ ವೇಷ ಹಾಕಿಸುವ ಮನೆಗಳಲ್ಲೂ, ಅದನ್ನು ಬೇಡವೆನ್ನುವ ಮನೆಗಳಲ್ಲೂ ಈ ಪ್ರಶ್ನೆ ಇದ್ದೇ ಇರುತ್ತದೆ.

ಈ ಪ್ರಶ್ನೆಯ ಬೇರನ್ನು ಹುಡುಕಿಕೊಂಡು ಹೊರಟರೆ ನಾವು ತಲುಪುವುದು 19ನೆಯ ಶತಮಾನದ ನ್ಯೂಯಾರ್ಕ್‌ನ ಪತ್ರಿಕಾ ಕಚೇರಿಯೊಂದಕ್ಕೆ. ಇಂದು ಜಗತ್ತು ಗುರುತಿಸುವ ಸಾಂತಾಕ್ಲಾಸ್‌ನ ಮೈಕಟ್ಟು, ಮುಖ, ಉತ್ತರ ಧ್ರುವದ ವಿಳಾಸ ಇವೆಲ್ಲ ಜನಮನದಲ್ಲಿ ನೆಲೆಗೊಂಡದ್ದು ಬಹುಮಟ್ಟಿಗೆ ಅಲ್ಲಿನ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್‌ನ ಕೈಯಿಂದ. ಅಮೆರಿಕದ ರಿಪಬ್ಲಿಕನ್ ಪಕ್ಷಕ್ಕೆ ಆನೆಯ ಗುರುತು ತಂದುಕೊಟ್ಟವನೂ ಆತನೇ. ಧರ್ಮ ಮತ್ತು ರಾಜ್ಯಾಧಿಕಾರದ ನಡುವಿನ ಗೆರೆಯ ಬಗ್ಗೆ ಜೀವನವಿಡೀ ಕಾದಾಡಿದ ನಾಸ್ಟ್, ಒಬ್ಬ ಬಿಷಪ್ ಸಂತನ ನೆನಪಿನಿಂದ ಹುಟ್ಟಿದ ಪಾತ್ರಕ್ಕೆ ಶಾಶ್ವತ ರೂಪ ಕೊಟ್ಟ ಎಂಬುದು ಇತಿಹಾಸದ ವಿಚಿತ್ರಗಳಲ್ಲೊಂದು.

ಬಾಲ್ಯದ ಸಂತ

ಥಾಮಸ್ ನಾಸ್ಟ್ ಹುಟ್ಟಿದ್ದು 1840ರ ಸೆಪ್ಟೆಂಬರ್‌ನಲ್ಲಿ, ಇಂದಿನ ಜರ್ಮನಿಯ ಲಾಂಡೌ ಪಟ್ಟಣದಲ್ಲಿ. ಅಂದು ಆ ಪ್ರದೇಶ ಬವೇರಿಯ ರಾಜ್ಯದ ಆಳ್ವಿಕೆಯಲ್ಲಿತ್ತು. ತಂದೆ ಸೇನೆಯ ವಾದ್ಯವೃಂದದಲ್ಲಿ ಟ್ರಾಂಬೋನ್ ನುಡಿಸುತ್ತಿದ್ದರು. ಅವರ ರಾಜಕೀಯ ಅಭಿಪ್ರಾಯಗಳು ಅಧಿಕಾರಿಗಳಿಗೆ ಹಿಡಿಸಲಿಲ್ಲ. 1846ರಲ್ಲಿ ತಾಯಿ ಮಕ್ಕಳೊಂದಿಗೆ ನ್ಯೂಯಾರ್ಕ್‌ಗೆ ಹೊರಟರು. ತಂದೆ ಕೆಲವು ವರ್ಷಗಳ ಬಳಿಕ ಬಂದು ಸೇರಿಕೊಂಡರು.

ಕುಟುಂಬದ್ದು ಕ್ಯಾಥೊಲಿಕ್ ಹಿನ್ನೆಲೆ. ಬಾಲಕ ನಾಸ್ಟ್ ಜರ್ಮನಿಯಿಂದ ಹೊತ್ತು ತಂದ ನೆನಪುಗಳಲ್ಲಿ ಒಂದು ಪೆಲ್ಸ್‌ನಿಕೆಲ್ ಎಂಬ ಪಾತ್ರ. ತುಪ್ಪುಳದ ಅಂಗಿ ತೊಟ್ಟು ಚಳಿಗಾಲದಲ್ಲಿ ಮನೆಮನೆಗೆ ಬರುವ ಆ ಮುದುಕ ಒಳ್ಳೆಯ ಮಕ್ಕಳಿಗೆ ತಿಂಡಿ ಕೊಡುತ್ತಾನೆ, ತುಂಟರಿಗೆ ಬೆತ್ತ ತೋರಿಸುತ್ತಾನೆ. ಆ ಹೆಸರಿನಲ್ಲೇ ನಿಕೊಲಸ್ ಅಡಗಿದ್ದಾನೆ. ಮೂಲದಲ್ಲಿ ನಿಕೊಲಸ್, ಈಗಿನ ಟರ್ಕಿಯ ಕರಾವಳಿಯಲ್ಲಿದ್ದ ಮೈರಾ ನಗರದ 4ನೆಯ ಶತಮಾನದ ಬಿಷಪ್. ಕಡುಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗಾಗಿ ರಾತ್ರಿ ಹೊತ್ತು ಗುಟ್ಟಾಗಿ ಹೊನ್ನಿನ ಚೀಲಗಳನ್ನು ಎಸೆದುಹೋದನೆಂಬ ಐತಿಹ್ಯ ಆತನ ಸುತ್ತ ಹೆಣೆದುಕೊಂಡಿದೆ. ಡಿಸೆಂಬರ್ 6 ಆತನ ಹಬ್ಬದ ದಿನ.

ಹೊಸ ನಾಡಿನ ಶಾಲೆಯಲ್ಲಿ ನಾಸ್ಟ್‌ಗೆ ಅಕ್ಷರ ಒಲಿಯಲಿಲ್ಲ, ರೇಖೆ ಒಲಿಯಿತು. ಕೊನೆಯವರೆಗೂ ಓದುಬರಹದಲ್ಲಿ ಹಿಂದೆ ಬಿದ್ದೇ ಇದ್ದ ಆತ ಹದಿನೈದರ ಆಸುಪಾಸಿನಲ್ಲಿಯೇ ಫ್ರಾಂಕ್ ಲೆಸ್ಲಿಯ ಸಚಿತ್ರ ಪತ್ರಿಕೆಯಲ್ಲಿ ಚಿತ್ರಗಾರನ ಕೆಲಸ ಗಿಟ್ಟಿಸಿಕೊಂಡ. 1860ರಲ್ಲಿ ಮುಷ್ಟಿಕಾಳಗವೊಂದರ ಚಿತ್ರ ಬರೆಯಲು ಇಂಗ್ಲೆಂಡಿಗೆ ಹೋದವನು, ಅಲ್ಲಿಂದ ಇಟಲಿಗೆ ದಾಟಿ ಗ್ಯಾರಿಬಾಲ್ಡಿಯ ದಂಡಿನ ಬೆನ್ನು ಹತ್ತಿ ಯುದ್ಧಚಿತ್ರಗಳನ್ನು ಕಳುಹಿಸಿದ. ಇಟಲಿಯ ಏಕೀಕರಣಕ್ಕೆ ಹೊರಟಿದ್ದ ಗ್ಯಾರಿಬಾಲ್ಡಿ ಪೋಪರ ಲೌಕಿಕ ಪ್ರಭುತ್ವದ ಕಡುವಿರೋಧಿಯೂ ಆಗಿದ್ದ. ಆತನ ಮೇಲಿನ ಅಭಿಮಾನ ನಾಸ್ಟ್‌ನಲ್ಲಿ ಕೊನೆಯವರೆಗೂ ಉಳಿಯಿತು.

1861ರಲ್ಲಿ ಸಾರಾ ಎಡ್ವರ್ಡ್ಸ್ ಜತೆ ವಿವಾಹವಾಯಿತು. ಗಂಡ ಚಿತ್ರ ಬರೆಯುತ್ತಿದ್ದಾಗ ಹೆಂಡತಿ ಪಕ್ಕದಲ್ಲಿ ಕುಳಿತು ಪುಸ್ತಕ, ಪತ್ರಿಕೆಗಳನ್ನು ಓದಿ ಹೇಳುತ್ತಿದ್ದಳು. ನಾಸ್ಟ್‌ನ ಚಿತ್ರಗಳಲ್ಲಿ ತುಂಬಿ ತುಳುಕುವ ಷೇಕ್ಸ್‌ಪಿಯರ್, ಬೈಬಲ್ ಮತ್ತು ಪುರಾಣದ ಉಲ್ಲೇಖಗಳ ಹಿಂದೆ ಆಕೆಯ ಓದಿನ ಪಾಲು ದೊಡ್ಡದು. ಈ ಹೊತ್ತಿಗೆ ನಾಸ್ಟ್ ಕ್ಯಾಥೊಲಿಕ್ ಚರ್ಚಿನಿಂದ ದೂರವಾಗಿ ಪ್ರಾಟೆಸ್ಟೆಂಟ್ ವಲಯಕ್ಕೆ ಸರಿದಿದ್ದ. 1862ರಲ್ಲಿ ಹಾರ್ಪರ್ಸ್ ವೀಕ್ಲಿ ಪತ್ರಿಕೆ ಸೇರಿದ ಮೇಲೆ ಆತನ ಹೆಸರು ಮನೆಮಾತಾಯಿತು.

ಯುದ್ಧಭೂಮಿಯ ಕ್ರಿಸ್‌ಮಸ್

ನಾಸ್ಟ್ ಕುಂಚ ಹಿಡಿಯುವ ಮೊದಲೇ ಅಮೆರಿಕದಲ್ಲಿ ಕ್ರಿಸ್‌ಮಸ್ ಬಗ್ಗೆ ದೊಡ್ಡ ಜಗಳ ನಡೆದುಹೋಗಿತ್ತು. ಅಚ್ಚರಿಯೆಂದರೆ ಹಬ್ಬ ಬೇಡವೆಂದವರು ನಾಸ್ತಿಕರಲ್ಲ, ಕಟ್ಟಾ ಧರ್ಮಶ್ರದ್ಧೆಯ ಪ್ಯೂರಿಟನ್ನರು. ಬೈಬಲಿನಲ್ಲಿ ಇಲ್ಲದ ಹಬ್ಬವೆಂಬ ಕಾರಣಕ್ಕೆ ಮಸಾಚುಸೆಟ್ಸ್ ವಸಾಹತು 1659ರಲ್ಲಿ ಕ್ರಿಸ್‌ಮಸ್ ಆಚರಿಸುವವರಿಗೆ 5 ಶಿಲಿಂಗ್ ದಂಡ ವಿಧಿಸುವ ಕಾನೂನು ಮಾಡಿತ್ತು. 1681ರಲ್ಲಿ ಅದು ರದ್ದಾದರೂ ಹಬ್ಬದ ಮೇಲಿನ ಗುಮಾನಿ ಬಹುಕಾಲ ಉಳಿಯಿತು.

ಸಂತ ನಿಕೊಲಸ್‌ನ ರೂಪಾಂತರವೂ ನಾಸ್ಟ್‌ಗಿಂತ ಮೊದಲೇ ಶುರುವಾಗಿತ್ತು. ನ್ಯೂಯಾರ್ಕ್‌ನ ಲೇಖಕ ವಾಷಿಂಗ್ಟನ್ ಇರ್ವಿಂಗ್ 1809ರ ತನ್ನ ವಿನೋದ ಇತಿಹಾಸದಲ್ಲಿ ಡಚ್ಚರ ಸಂತನನ್ನು ನಗೆಯ ಪಾತ್ರವಾಗಿ ತಂದ. 1823ರ ಡಿಸೆಂಬರ್ 23ರಂದು ಟ್ರಾಯ್ ನಗರದ ಪತ್ರಿಕೆಯೊಂದರಲ್ಲಿ ಅನಾಮಧೇಯವಾಗಿ ಅಚ್ಚಾದ ಮಕ್ಕಳ ಪದ್ಯವೊಂದು ಆತನನ್ನು ತುಪ್ಪುಳದಂಗಿಯ ಕುಳ್ಳನನ್ನಾಗಿಸಿ, ಎಂಟು ಹಿಮಸಾರಂಗಗಳ ಬಂಡಿ ಹತ್ತಿಸಿ, ಚಿಮಣಿಯಿಂದ ಮನೆಯೊಳಗೆ ಇಳಿಸಿತು. ಆ ಪದ್ಯದ ಕರ್ತೃವೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ಕ್ಲೆಮೆಂಟ್ ಕ್ಲಾರ್ಕ್ ಮೂರ್ ಪಾದ್ರಿಗಳನ್ನು ತಯಾರು ಮಾಡುವ ವಿದ್ಯಾಲಯದ ಪ್ರಾಧ್ಯಾಪಕ. ಆದರೂ ಪದ್ಯದಲ್ಲಿ ಬಿಷಪ್‌ನ ಮುಕುಟವಿಲ್ಲ, ಶಿಲುಬೆಯಿಲ್ಲ, ಕ್ರಿಸ್ತನ ಜನನದ ಮಾತೂ ಇಲ್ಲ. ಆದರೆ ಈ ಪಾತ್ರಕ್ಕೆ ಎಲ್ಲರೂ ಒಪ್ಪುವ ಒಂದು ಮುಖ ಮಾತ್ರ ಆಗಿನ್ನೂ ಇರಲಿಲ್ಲ. ಒಬ್ಬೊಬ್ಬ ಚಿತ್ರಗಾರ ಒಂದೊಂದು ಬಗೆಯಲ್ಲಿ ಬರೆಯುತ್ತಿದ್ದ.

ಆ ಕೊರತೆ ತುಂಬುವ ಕೆಲಸ ಆರಂಭವಾದದ್ದು ಅಂತರ್ಯುದ್ಧದ ನಡುವೆ. 1862ರ ಡಿಸೆಂಬರ್‌ನಲ್ಲಿ ಫ್ರೆಡೆರಿಕ್ಸ್‌ಬರ್ಗ್ ಕದನದಲ್ಲಿ ಉತ್ತರದ ಸೇನೆ ಹೀನಾಯವಾಗಿ ಸೋತಿತ್ತು. ಸಾವಿರಾರು ಮನೆಗಳಲ್ಲಿ ಶೋಕ ಆವರಿಸಿತ್ತು. 1863ರ ಜನವರಿ 3ರ ದಿನಾಂಕ ಹೊತ್ತ ಹಾರ್ಪರ್ಸ್ ವೀಕ್ಲಿ ಸಂಚಿಕೆಯಲ್ಲಿ ನಾಸ್ಟ್‌ನ ಎರಡು ಚಿತ್ರಗಳು ಬಂದವು. ಮುಖಪುಟದಲ್ಲಿ ಸೇನಾ ಶಿಬಿರಕ್ಕೆ ಬಂದ ಸಾಂತಾಕ್ಲಾಸ್. ಆತ ತೊಟ್ಟಿದ್ದು ನಕ್ಷತ್ರ ಮತ್ತು ಪಟ್ಟೆಗಳ, ಅಂದರೆ ಅಮೆರಿಕದ ಬಾವುಟದ ಮಾದರಿಯ ಉಡುಪು. ಕೈಯಲ್ಲಿ ದಾರಕ್ಕೆ ಕುಣಿಯುವ ಗೊಂಬೆ; ಅದು ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನದು. ದಾರ ಕಟ್ಟಿರುವುದು ಗೊಂಬೆಯ ಕುತ್ತಿಗೆಗೆ!

ಒಳಪುಟದ ಚಿತ್ರದ ದನಿಯೇ ಬೇರೆ. ಒಂದು ವೃತ್ತದಲ್ಲಿ ಕಿಟಕಿಯ ಬಳಿ ಮೊಣಕಾಲೂರಿ ಪ್ರಾರ್ಥಿಸುತ್ತಿರುವ ಹೆಂಡತಿ, ಹಿಂದೆ ನಿದ್ರಿಸುತ್ತಿರುವ ಮಕ್ಕಳು. ಇನ್ನೊಂದರಲ್ಲಿ ಬೆಂಕಿಯ ಮುಂದೆ ಕುಳಿತು ಮನೆಯವರ ಭಾವಚಿತ್ರ ನೋಡುತ್ತಿರುವ ಸೈನಿಕ. ಮೇಲಿನ ಮೂಲೆಗಳಲ್ಲಿ ಪುಟ್ಟದಾಗಿ ಸಾಂತಾಕ್ಲಾಸ್, ಕೆಳಗೆ ಸಮಾಧಿಗಳ ಸಾಲು. ಪ್ರಾರ್ಥನೆ, ಉಡುಗೊರೆ, ಯುದ್ಧ, ಸಾವು ಎಲ್ಲವೂ ಒಂದೇ ಹಾಳೆಯಲ್ಲಿ. ಅದರಲ್ಲಿ ಧಾರ್ಮಿಕ ಭಾಗ ಯಾವುದು, ಲೌಕಿಕ ಭಾಗ ಯಾವುದು ಎಂದು ಕತ್ತರಿಸಿ ತೆಗೆಯುವುದು ಕಷ್ಟ. ನೋಡಿದವರಿಗೆ ಹಾಗೆ ಕತ್ತರಿಸುವ ಅಗತ್ಯವೂ ಕಂಡಿರಲಾರದು. 1864ರ ಡಿಸೆಂಬರ್ 31ರ ಸಂಚಿಕೆಯಲ್ಲಿ ಆತ ಬರೆದ ಕ್ರಿಸ್‌ಮಸ್ ಔತಣದ ಚಿತ್ರದಲ್ಲಿ ಲಿಂಕನ್ ಬಾಗಿಲಲ್ಲಿ ನಿಂತು, ಹೊರಗಿನ ಚಳಿಯಲ್ಲಿರುವ ದಕ್ಷಿಣದವರನ್ನು ಊಟಕ್ಕೆ ಕರೆಯುತ್ತಿದ್ದಾನೆ. ಹಬ್ಬ ಇಲ್ಲಿ ರಾಜಿಯ ಭಾಷೆಯಾಗಿತ್ತು.

ಯುದ್ಧ ಮುಗಿದ ಮೇಲೆ ಸಾಂತಾಕ್ಲಾಸ್ ಸೈನಿಕ ವೇಷ ಕಳಚಿದ. 1866ರ ಡಿಸೆಂಬರ್ 29ರ ಸಂಚಿಕೆಯಲ್ಲಿ ಆತನ ದಿನಚರಿಯನ್ನೇ ನಾಸ್ಟ್ ಬಿಡಿಸಿಟ್ಟ. ಆಟಿಕೆ ತಯಾರಿಸುವ ಕಾರ್ಯಾಗಾರ, ಮಕ್ಕಳ ನಡತೆ ಬರೆದಿಡುವ ದಪ್ಪ ಪುಸ್ತಕ, ದೂರದರ್ಶಕ, ಉತ್ತರ ಧ್ರುವದ ಊರು ಎಲ್ಲವೂ ಅಲ್ಲಿವೆ. ಮೂರು ವರ್ಷಗಳ ಬಳಿಕ ಬಣ್ಣದಲ್ಲಿ ಅಚ್ಚಾದ ಮಕ್ಕಳ ಪುಸ್ತಕದಲ್ಲಿ ಆತನ ಉಡುಪು ಕೆಂಪಾಗಿಯೇ ಇತ್ತು. ಕೋಕಾಕೋಲಾ ಕಂಪನಿ ತನ್ನ ಜಾಹೀರಾತಿಗಾಗಿ ಸಾಂತಾಕ್ಲಾಸ್‌ಗೆ ಕೆಂಪು ಬಣ್ಣ ಬಳಿಯಿತೆಂಬ ಜನಪ್ರಿಯ ನಂಬಿಕೆ ನಿಜವಲ್ಲ. ಆ ಕಂಪನಿಗಾಗಿ ಹ್ಯಾಡನ್ ಸಂಡ್‌ಬ್ಲಾಮ್ ಚಿತ್ರ ಬರೆಯತೊಡಗಿದ್ದು 1931ರಲ್ಲಿ. ಆತ ಮಾಡಿದ್ದು ಇದ್ದ ರೂಪಕ್ಕೆ ಹೊಳಪು ಕೊಟ್ಟು ಜಗತ್ತಿನ ಮೂಲೆಮೂಲೆಗೆ ಹರಡಿದ್ದು.

ಮೊಸಳೆಗಳ ಚಿತ್ರ

ಇಷ್ಟಕ್ಕೇ ನಿಲ್ಲಿಸಿದರೆ ನಾಸ್ಟ್ ಮಕ್ಕಳ ಪ್ರೀತಿಯ ಚಿತ್ರಗಾರನಾಗಿ ಮಾತ್ರ ಉಳಿಯುತ್ತಾನೆ. ಆದರೆ ಆತನನ್ನು ಪ್ರಸಿದ್ಧನನ್ನಾಗಿಸಿದ್ದು ಬೇರೊಂದು ಹೋರಾಟ. ನ್ಯೂಯಾರ್ಕ್ ನಗರಾಡಳಿತವನ್ನು ಕೈವಶ ಮಾಡಿಕೊಂಡು ಬೊಕ್ಕಸ ಲೂಟಿ ಮಾಡಿದ ವಿಲಿಯಂ ಟ್ವೀಡ್‌ನ ಕೂಟವನ್ನು ನಾಸ್ಟ್ 1871ರಲ್ಲಿ ವಾರವಾರವೂ ಬೆತ್ತಲೆ ಮಾಡಿದ. ಯೂರೋಪಿಗೆ ಹೋಗಿ ಕಲೆ ಕಲಿಯುವ ನೆಪದಲ್ಲಿ 1 ಲಕ್ಷ ಡಾಲರ್‌ನಿಂದ ಆರಂಭಿಸಿ 5 ಲಕ್ಷ ಡಾಲರ್‌ವರೆಗೂ ಆಮಿಷ ಒಡ್ಡಲಾಯಿತೆಂದು ಆತನ ಜೀವನಚರಿತ್ರೆ ದಾಖಲಿಸುತ್ತದೆ. ಆತ ಬಗ್ಗಲಿಲ್ಲ. ಸೆರೆಯಿಂದ ತಪ್ಪಿಸಿಕೊಂಡು ಸ್ಪೇನ್‌ಗೆ ಓಡಿಹೋದ ಟ್ವೀಡ್ 1876ರಲ್ಲಿ ಅಲ್ಲಿ ಸಿಕ್ಕಿಬಿದ್ದಾಗ ಗುರುತು ಹಿಡಿಯಲು ನೆರವಾದದ್ದೂ ನಾಸ್ಟ್‌ನ ವ್ಯಂಗ್ಯಚಿತ್ರವೇ.

ಟ್ವೀಡ್‌ನ ಬಲ ಇದ್ದದ್ದು ಐರ್ಲೆಂಡಿನಿಂದ ಬಂದ ಬಡ ಕ್ಯಾಥೊಲಿಕ್ ವಲಸಿಗರ ಮತಗಳಲ್ಲಿ. 1869ರಲ್ಲಿ ಆತ ಚರ್ಚ್ ಶಾಲೆಗಳಿಗೆ ಸಾರ್ವಜನಿಕ ಹಣ ಹರಿಯುವಂತೆ ಕಾನೂನಿನಲ್ಲಿ ದಾರಿ ಮಾಡಿಕೊಟ್ಟ. ಇದು ನಾಸ್ಟ್‌ನನ್ನು ಕೆರಳಿಸಿತು. 1871ರ ಸೆಪ್ಟೆಂಬರ್ 30ರಂದು ಆತನ ಅತ್ಯಂತ ಕುಖ್ಯಾತ ಚಿತ್ರ ಪ್ರಕಟವಾಯಿತು. ಅದರ ಹೆಸರಿನಲ್ಲಿ ನಮ್ಮ ಗಂಗಾನದಿಯಿದೆ: ಅಮೆರಿಕದ ಗಂಗಾನದಿ. ದಡಕ್ಕೆ ತೆವಳಿ ಬರುತ್ತಿರುವ ಮೊಸಳೆಗಳನ್ನು ದಿಟ್ಟಿಸಿ ನೋಡಿದರೆ ಅವು ಕ್ಯಾಥೊಲಿಕ್ ಬಿಷಪ್ಪರು. ತೆರೆದ ದವಡೆಗಳೇ ಅವರ ಮುಕುಟ. ದಡದಲ್ಲಿ ನಡುಗುತ್ತಿರುವ ಶಾಲಾಮಕ್ಕಳು, ಹಿನ್ನೆಲೆಯಲ್ಲಿ ಪಾಳುಬಿದ್ದ ಸರ್ಕಾರಿ ಶಾಲೆ. ಹಿಂದೂ ತಾಯಂದಿರು ಕೂಸುಗಳನ್ನು ಗಂಗೆಯ ಮೊಸಳೆಗಳಿಗೆ ಎಸೆಯುತ್ತಾರೆಂಬ ಮಿಷನರಿ ಕಥೆಗಳು ಆ ಕಾಲದ ಅಮೆರಿಕದಲ್ಲಿ ಮನೆಮನೆಯಲ್ಲೂ ಪರಿಚಿತವಾಗಿದ್ದವು. ಆ ಪೂರ್ವಗ್ರಹವನ್ನೇ ಬಂಡವಾಳ ಮಾಡಿಕೊಂಡು ನಾಸ್ಟ್ ಇನ್ನೊಂದು ಪೂರ್ವಗ್ರಹಕ್ಕೆ ಮಾತು ಕೊಟ್ಟಿದ್ದ.

ಚಿತ್ರದಲ್ಲಿ ಇನ್ನೊಂದು ಸಣ್ಣ ವಿವರವಿದೆ. ಮಕ್ಕಳಿಗೆ ಅಡ್ಡಲಾಗಿ ಧೈರ್ಯದಿಂದ ನಿಂತಿರುವ ಯುವಕನ ಕೋಟಿನಲ್ಲಿ ಬೈಬಲ್ ಸಿಕ್ಕಿಸಲಾಗಿದೆ. ಇಡೀ ವಿವಾದದ ಗಂಟು ಇರುವುದು ಇಲ್ಲಿಯೇ. ಅಂದಿನ ಸರ್ಕಾರಿ ಶಾಲೆಗಳಲ್ಲಿ ಪ್ರಾಟೆಸ್ಟೆಂಟರು ಒಪ್ಪಿದ ಬೈಬಲ್ ಅನುವಾದದ ಪಠಣ ನಡೆಯುತ್ತಿತ್ತು. ಕ್ಯಾಥೊಲಿಕರ ಆಕ್ಷೇಪದ ಮುಖ್ಯ ಅಂಶಗಳಲ್ಲಿ ಅದೂ ಒಂದು. ನಾಸ್ಟ್ ಯಾವುದನ್ನು ಧರ್ಮದ ಸೋಂಕಿಲ್ಲದ ಸಾರ್ವಜನಿಕ ಶಾಲೆ ಎಂದು ನಂಬಿದ್ದನೋ, ಅದು ನೆರೆಯ ಕ್ಯಾಥೊಲಿಕನ ಕಣ್ಣಿಗೆ ಇನ್ನೊಬ್ಬರ ಧರ್ಮದ ಮನೆಯಾಗಿ ಕಾಣುತ್ತಿತ್ತು. ತನಗೆ ರೂಢಿಯಾದುದು ಎಲ್ಲರಿಗೂ ಸಾಮಾನ್ಯವಾದುದೆಂದು ಬಹುಸಂಖ್ಯಾತನಿಗೆ ಅನ್ನಿಸುವುದು ಸಹಜ. ಅದರ ಧಾರ್ಮಿಕ ಬಣ್ಣ ಕಾಣುವುದು ಹೊರಗೆ ನಿಂತವನಿಗೆ.

ನಾಸ್ಟ್ ಕೇವಲ ದ್ವೇಷಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಗುಲಾಮಗಿರಿಯ ವಿರುದ್ಧ, ಕರಿಯರ ಮತಾಧಿಕಾರದ ಪರವಾಗಿ ಆತ ಬರೆದ ಚಿತ್ರಗಳು ಗಟ್ಟಿ ದನಿಯವು. ಚೀನೀ ಕಾರ್ಮಿಕರ ಮೇಲೆ ಅಮೆರಿಕದಲ್ಲಿ ಹಗೆ ಹೊಗೆಯಾಡುತ್ತಿದ್ದಾಗ 1871ರಲ್ಲೇ ಅವರ ಪರ ನಿಂತ. ಆದರೆ ಐರಿಷ್ ಕ್ಯಾಥೊಲಿಕನನ್ನು ವಾನರ ಮುಖದ ಪುಂಡನಾಗಿ ಬಿಡಿಸಿದ ಕೈಯೂ ಅದೇ. ಆ ಮೊಸಳೆ ಚಿತ್ರ ಬಂದ ದಶಕದಲ್ಲೇ ಅದೇ ಪತ್ರಿಕೆಯ ಪುಟಗಳಲ್ಲಿ ಆತನ ಸಾಂತಾಕ್ಲಾಸ್ ಮಕ್ಕಳ ಕಾಲುಚೀಲಗಳಿಗೆ ಆಟಿಕೆ ತುಂಬುತ್ತಿದ್ದ. ಬಿಷಪ್ಪರ ಮುಕುಟದಲ್ಲಿ ದವಡೆಯನ್ನು ಕಂಡವನೇ ಒಬ್ಬ ಬಿಷಪ್‌ನನ್ನು ಮುಕುಟವಿಲ್ಲದೆ ಎಲ್ಲರ ಮನೆಗೂ ಕಳುಹಿಸಿದ.

ಏಳುಬೀಳಿನ ಕೊನೆಗಾಲ

1870ರ ಜೂನ್ 28ರಂದು ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಸಹಿ ಮಾಡಿದ ಕಾನೂನು ರಾಜಧಾನಿಯ ಕೇಂದ್ರ ನೌಕರರಿಗೆ ಹೊಸ ವರ್ಷ, ಸ್ವಾತಂತ್ರ್ಯ ದಿನ ಮತ್ತು ಕೃತಜ್ಞತಾ ದಿನದ ಜತೆಗೆ ಡಿಸೆಂಬರ್ 25ರಂದೂ ರಜೆ ನೀಡಿತ್ತು. ಒಂದು ಕಾಲದಲ್ಲಿ ದಂಡ ತೆರಬೇಕಾಗಿದ್ದ ಹಬ್ಬ ಹೀಗೆ ಸರ್ಕಾರಿ ರಜೆಯ ಪಟ್ಟಿಗೆ ಸೇರಿತು. 1881ರ ಜನವರಿ 1ರ ಸಂಚಿಕೆಯಲ್ಲಿ ಬಂದ ನಾಸ್ಟ್‌ನ ಅತ್ಯಂತ ಪ್ರಸಿದ್ಧ ಸಾಂತಾಕ್ಲಾಸ್ ಚಿತ್ರವನ್ನು ಇಂದು ಶುಭಾಶಯ ಪತ್ರಗಳಲ್ಲಿ ನೋಡುವವರಿಗೆ ಅದರಲ್ಲಿ ರಾಜಕೀಯ ಕಾಣದು. ಆದರೆ ಬೆನ್ನಿಗಿರುವುದು ಸೇನೆಯ ಚೀಲ, ಬಳಿಯಲ್ಲಿ ಖಡ್ಗ, ಗಡಿಯಾರದಲ್ಲಿ ಮಧ್ಯರಾತ್ರಿಗೆ ಇನ್ನು ಹತ್ತೇ ನಿಮಿಷ. ಸೈನಿಕರ ವೇತನದ ವಿಷಯದಲ್ಲಿ ಮೀನಮೇಷ ಎಣಿಸುತ್ತಿದ್ದ ಸಂಸತ್ತಿಗೆ ನೀಡಿದ ಎಚ್ಚರಿಕೆಯಾಗಿ ಇತಿಹಾಸಜ್ಞರು ಅದನ್ನು ಓದುತ್ತಾರೆ.

ಬಳಿಕ ನಾಸ್ಟ್‌ನ ಬದುಕು ಇಳಿಮುಖವಾಯಿತು. 1884ರಲ್ಲಿ ಗ್ರಾಂಟ್ ಹೆಸರು ಹೊತ್ತಿದ್ದ ಹಣಕಾಸು ಸಂಸ್ಥೆ ದಿವಾಳಿಯೆದ್ದಾಗ ಆತನ ಉಳಿತಾಯವೂ ಮುಳುಗಿತು. 1886ರಲ್ಲಿ ಹಾರ್ಪರ್ಸ್ ವೀಕ್ಲಿಯ ನಂಟು ಕಡಿಯಿತು. 1890ರಲ್ಲಿ ಆತನ ಕ್ರಿಸ್‌ಮಸ್ ಚಿತ್ರಗಳು ಪುಸ್ತಕವಾಗಿ ಬಂದಾಗ ಇಟ್ಟ ಹೆಸರು, ಮನುಕುಲಕ್ಕಾಗಿ ಕ್ರಿಸ್‌ಮಸ್ ಚಿತ್ರಗಳು ಎಂಬ ಅರ್ಥದ್ದು. ಮನುಕುಲದ ಒಂದು ಭಾಗವನ್ನು ಮೊಸಳೆಗಳಾಗಿ ಬಿಡಿಸಿದವನ ಪುಸ್ತಕಕ್ಕೆ ಅಂಥ ಹೆಸರು. ಸ್ವಂತ ಪತ್ರಿಕೆಯ ಪ್ರಯತ್ನವೂ ಕೈಗೂಡದೆ ಸಾಲ ಬೆಳೆಯಿತು.

ಅಭಿಮಾನಿಯಾಗಿದ್ದ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ 1902ರಲ್ಲಿ ಆತನನ್ನು ಈಕ್ವೆಡಾರ್‌ನ ಗ್ವಾಯಾಕಿಲ್ ಬಂದರಿಗೆ ಕಾನ್ಸಲ್ ಆಗಿ ನೇಮಿಸಿದರು. ಹೋಗುವಾಗಲೇ ಆತನಿಗೆ ಅರವತ್ತೊಂದು ವರ್ಷ. ಸಂಬಳದಿಂದ ಸಾಲ ತೀರಿಸುವ ಆಸೆ. ಅಲ್ಲಿ ಹಳದಿಜ್ವರ ಹಬ್ಬಿದಾಗ ಇತರರನ್ನು ಪಾರುಮಾಡಲು ನೆರವಾಗುತ್ತ ತಾನು ಹುದ್ದೆ ಬಿಟ್ಟು ಕದಲಲಿಲ್ಲ. 1902ರ ಡಿಸೆಂಬರ್ 7ರಂದು, ಸಂತ ನಿಕೊಲಸ್‌ನ ಹಬ್ಬದ ಮರುದಿನ, ಅದೇ ಜ್ವರಕ್ಕೆ ಬಲಿಯಾದ.

ಚಿತ್ರಗಾರನಾಚೆಯ ಬದುಕು

ನಾಸ್ಟ್ ತೀರಿಕೊಂಡ ಮೇಲೂ ಆತನ ಕೂಸಿನ ಕುರಿತ ವ್ಯಾಜ್ಯ ಮುಗಿಯಲಿಲ್ಲ. 1951ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಡಿಜೋನ್ ನಗರದ ಕ್ಯಾಥೊಲಿಕ್ ಪಾದ್ರಿಗಳ ಒಪ್ಪಿಗೆಯೊಂದಿಗೆ ಕೆಥೆಡ್ರಲ್ ಎದುರು ಈ ಕ್ರಿಸ್‌ಮಸ್ ತಾತನ ಪ್ರತಿಕೃತಿಯನ್ನು ಸುಡಲಾಯಿತು. ಹಬ್ಬವನ್ನು ಕ್ರಿಸ್ತನಿಂದ ಕಸಿದ ಪಾಷಂಡಿ ಎಂಬುದು ಆತನ ಮೇಲಿನ ಆರೋಪ. ಸಂತನೆಂಬ ಹುಟ್ಟುಗುರುತಿದ್ದವನನ್ನು ಚರ್ಚೇ ಹೊರಗಿನವನೆಂದು ಸಾರಿತು. ಮಾನವಶಾಸ್ತ್ರಜ್ಞ ಕ್ಲಾಡ್ ಲೆವಿ-ಸ್ಟ್ರಾಸ್ ಮರುವರ್ಷ ಈ ಘಟನೆಯನ್ನೇ ವಸ್ತುವಾಗಿಸಿಕೊಂಡು ಪ್ರಬಂಧ ಬರೆದರು.

ಅಮೆರಿಕದಲ್ಲಿ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ರೋಡ್ ಐಲ್ಯಾಂಡಿನ ಪಾಟಕೆಟ್ ನಗರಾಡಳಿತ ಹಬ್ಬದ ಅಲಂಕಾರದಲ್ಲಿ ಸಾಂತಾಕ್ಲಾಸ್, ಹಿಮಸಾರಂಗಗಳ ಜತೆಗೆ ಗೋದಲಿಯನ್ನೂ ಇಟ್ಟಿದ್ದನ್ನು ಸುಪ್ರೀಂ ಕೋರ್ಟ್ 1984ರಲ್ಲಿ 5-4ರ ಬಹುಮತದಿಂದ ಒಪ್ಪಿತು. 1989ರಲ್ಲಿ ಪಿಟ್ಸ್‌ಬರ್ಗ್‌ನ ನ್ಯಾಯಾಲಯ ಕಟ್ಟಡದ ಮೆಟ್ಟಿಲ ಮೇಲೆ ಒಂಟಿಯಾಗಿ ಇಟ್ಟಿದ್ದ ಗೋದಲಿಯನ್ನು ಒಪ್ಪಲಿಲ್ಲ. ಆದರೆ ಅಲ್ಲಿಯೇ ಇನ್ನೊಂದು ಸರ್ಕಾರಿ ಕಟ್ಟಡದ ಹೊರಗೆ ಎತ್ತರದ ಕ್ರಿಸ್‌ಮಸ್ ಮರದ ಪಕ್ಕದಲ್ಲಿದ್ದ ಯಹೂದಿ ದೀಪಸ್ತಂಭಕ್ಕೆ ಅಡ್ಡಿ ಹೇಳಲಿಲ್ಲ. ಅಕ್ಕಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ವಸ್ತುವಿನ ಅರ್ಥ ನಿರ್ಧಾರವಾಗುತ್ತದೆಂಬುದು ಅಂದಿನ ತರ್ಕ. ನಾಸ್ಟ್‌ನ ಮುದುಕ ಅಲ್ಲಿ ಗೋದಲಿಗೇ ಜಾಮೀನು ನಿಂತಂತಾಯಿತು! 2022ರಲ್ಲಿ ಬ್ರೆಮರ್ಟನ್ ಶಾಲಾ ಪ್ರಕರಣದ ತೀರ್ಪಿನೊಂದಿಗೆ ನ್ಯಾಯಾಲಯ ಇತಿಹಾಸ ಮತ್ತು ಪರಂಪರೆಯನ್ನು ಅಳತೆಗೋಲಾಗಿಸಿಕೊಂಡಿದ್ದರಿಂದ ಹಳೆಯ ಲೆಕ್ಕಾಚಾರವೂ ಬದಲಾಗಿದೆ.

ಈ ತೀರ್ಪುಗಳಿಗೆ ಸಂತಸಪಟ್ಟವರಿಗಿಂತ ಮುಜುಗರಪಟ್ಟವರ ವಾದವೂ ಕೇಳುವಂಥದ್ದು. ಗೋದಲಿಯನ್ನು ಬರೀ ಅಲಂಕಾರವೆಂದರೆ ಭಕ್ತನಿಗೆ ನೋವು. ಮರವನ್ನೂ ಸಾಂತಾಕ್ಲಾಸ್‌ನನ್ನೂ ಎಲ್ಲರದೆಂದರೆ, ಆ ಹಬ್ಬ ಆಚರಿಸದ ಯಹೂದಿ ಅಥವಾ ಮುಸ್ಲಿಂ ಮನೆಯವರು ತಮ್ಮನ್ನು ಆ ಎಲ್ಲರಲ್ಲಿ ಎಣಿಸಿಲ್ಲವೇನೋ ಎಂದುಕೊಳ್ಳುತ್ತಾರೆ. ಇದು ಶಾಲೆಯ ಬೈಬಲ್ ಕುರಿತು ನ್ಯೂಯಾರ್ಕ್‌ನ ಕ್ಯಾಥೊಲಿಕರು ಎತ್ತಿದ್ದ ಪ್ರಶ್ನೆಯೇ.

ಸಂಕೇತಕ್ಕೆ ಹುಟ್ಟಿನಿಂದ ಬಂದ ಜಾತಿಯಿಲ್ಲ ಎಂಬುದನ್ನು ನಾಸ್ಟ್‌ನ ಬದುಕು ತೋರಿಸುತ್ತದೆ. ಮೈರಾದ ಬಿಷಪ್, ಲಾಂಡೌನ ತುಪ್ಪುಳದ ಮುದುಕ, ಅಂತರ್ಯುದ್ಧದ ಪ್ರಚಾರಕ, ಸೈನಿಕರ ವೇತನದ ವಕೀಲ, ತಂಪು ಪಾನೀಯದ ರೂಪದರ್ಶಿ, ಎಲ್ಲರೂ ಒಬ್ಬನೇ. ಪ್ರತಿ ಸಲವೂ ಆತನಿಗೆ ಅರ್ಥ ತುಂಬಿದ್ದು ಹಿಡಿದು ನಿಲ್ಲಿಸಿದವರ ಉದ್ದೇಶ, ನಿಲ್ಲಿಸಿದ ಜಾಗ. ಮನೆಯ ಜಗಲಿಯಲ್ಲೋ ಅಂಗಡಿಯ ಬಾಗಿಲಲ್ಲೋ ನಿಂತರೆ ಆತನ ಧರ್ಮ ಯಾವುದೆಂದು ವಿಚಾರಿಸುವ ಅಗತ್ಯವಿಲ್ಲ. ಸರ್ಕಾರವೇ ತನ್ನ ಅಂಗಳದಲ್ಲಿ ನಿಲ್ಲಿಸಿದಾಗ ಮಾತ್ರ ಆ ವಿಚಾರಣೆ ನಡೆಯಲೇಬೇಕು. ಆಗ ಉತ್ತರವನ್ನು ಹಬ್ಬ ಮಾಡುವವರಲ್ಲಿ ಕೇಳಿದರೆ ಸಾಲದು, ಹಬ್ಬ ಇಲ್ಲದ ಮನೆಯವರಲ್ಲೂ ಕೇಳಬೇಕು. ಟ್ವೀಡ್‌ಗೆ ಹೆದರದ ನಾಸ್ಟ್ ತನ್ನ ಐರಿಷ್ ನೆರೆಯವರನ್ನು ಆ ಒಂದು ಪ್ರಶ್ನೆ ಕೇಳಲಿಲ್ಲ.